ಬಿಸಿ ಮೈಗೆ ತಣ್ಣೀರು

ಮಸಾತೆನಾಂಗೊ
ಮಾರ್ಚ್ ೧೪, ಗುರುವಾರ

ನನ್ನ ಮುದ್ದು ಡೆಲ್ಮಿ,

ಮೊನ್ನೆ ಕೆಟ್ಟ ಕನಸು ಬಿತ್ತು. ನೀನು ನುಂಗಿದ ಆ ಗುಳಿಗೆ ಹೊಟ್ಟೆಯೊಳಗೆ ರೇಡಿಯೊ ಹಾಗೆ ಮಾತಾಡುತ್ತಿತ್ತು. ಯಾರೋ ನಿನ್ನನ್ನು ಐಸಿನ ತೊಟ್ಟಿಗೆ ಇಳಿಸಿದರು. ಕಾದ ಇಸ್ತ್ರಿಪೆಟ್ಟಿಗೆಯ ಮೇಲೆ ನೀರು ಬಿದ್ದ ಹಾಗೆ ಚುಂಯ್ ಎಂದಿತು. ಆಮೇಲೆ ರೇಡಿಯೊ ಮಾತಾಡಲಿಲ್ಲ.

ನಿನ್ನ ಕಾಗದಕ್ಕೆ ಹದಿನೈದು ದಿನ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಮೂರು ಸಲ ಬರೆದು ಹರಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ನಿಧಾನವಾಗಿ ಓದು. ಫೋನಿನಲ್ಲಿ ಹೇಳೋಣವೆಂದರೆ ನೀನು ನಗುತ್ತೀಯ, ನನಗೆ ಹೇಳಬೇಕಾದದ್ದೇ ಮರೆತುಹೋಗುತ್ತದೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮೈಯ ಬಿಸಿ ಅಳೆಯುವ ಗುಳಿಗೆಯ ವಿಷಯ ಪಕ್ಕದ ಮನೆಯ ತಿಲಾಗೆ ಹೇಳಬಾರದಿತ್ತು. "ಅಲ್ವೇ ಎರ್ಮಿನಿಯಾ, ಅದು ಒಳಗೇ ಉಳಿದ್ರೆ ನಿನ್ನ ಮಗಳನ್ನೇ ಚಾರ್ಜಿಗೆ ಹಾಕ್ಬೇಕಾ?" ಎಂದು ನಕ್ಕಳು. ಒಂದೆರಡು ದಿನಕ್ಕೆ ತಾನಾಗಿ ಹೋಗುತ್ತದೆ ಎಂದು ನೀನು ಬರೆದಿದ್ದೀಯ. ಹೋಯಿತೋ ಇಲ್ಲವೋ ಯಾರು ನೋಡುತ್ತಾರೆ? ನೀನು ನೋಡಿದೆಯಾ?

ಭಾನುವಾರ ನಿನ್ನ ಕೋಚ್ ದೋನ್ ಎಲ್ಮರ್ ಫೋನ್ ಮಾಡಿದ್ದರು. "ದೋನ್ಯಾ ಎರ್ಮಿನಿಯಾ, ಹುಡುಗಿ ಪ್ರಾಕ್ಟೀಸಲ್ಲಿ ನಗ್ತಾ ನಗ್ತಾನೇ ನಡೀತಿದ್ಲು. ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಗುಳಿಗೆ ಮಾತ್ರ ನಲವತ್ತು ಡಿಗ್ರಿ ತೋರಿಸ್ತು. ಐಸಿನ ತೊಟ್ಟಿಗೆ ಇಳಿಯೇ ಅಂದ್ರೆ, ಅಮ್ಮಂಗೆ ಮಾತು ಕೊಟ್ಟಿದೀನಿ, ಇಳಿಯಲ್ಲ ಅಂತಾಳೆ. ನೀವೇ ಹೇಳಿ. ಇಲ್ದಿದ್ರೆ ನಾನು ನಡಿಗೆ ರೇಸಿಗೆ ಬಿಡಕ್ಕಾಗಲ್ಲ."

ಆ ಮಾತು ಕೊಡಿಸಿದವಳು ನಾನೇ. ಬಿಸಿ ಮೈಗೆ ತಣ್ಣೀರು ಸೋಕಿದರೆ ಪ್ರಾಣಕ್ಕೆ ಬರುತ್ತದೆ ಎಂದು ನನ್ನಮ್ಮ ಹೇಳುತ್ತಿದ್ದಳು, ಅವಳ ಅಮ್ಮನೂ. ಇಸ್ತ್ರಿ ಮಾಡಿದ ಕೈಯನ್ನು ನಾನು ಇವತ್ತಿಗೂ ಬೆಳಗಾಗುವವರೆಗೆ ತೊಳೆಯುವುದಿಲ್ಲ. ನಿಮ್ಮ ತಂಡದ ಡಾಕ್ಟರಮ್ಮ ನೋಡಿದರೆ, ಮೈ ಒಳಗಿನಿಂದ ಬೇಯುವ ಮೊದಲೇ ಐಸಿಗೆ ಇಳಿಸಬೇಕು ಎನ್ನುತ್ತಾರಂತೆ. ಅವರು ಓದಿದವರು. ಅಮ್ಮನೂ ಸುಳ್ಳು ಹೇಳುವವಳಲ್ಲ. ಗುಳಿಗೆ ನುಂಗಿದವರಿಗೆ ಒಂದು, ನುಂಗದವರಿಗೆ ಇನ್ನೊಂದು ಅಂತ ಇದೆಯೇ? ತಣ್ಣೀರು ಕುಡಿದರೆ ಆ ಗುಳಿಗೆಯೂ ಸ್ವಲ್ಪ ಹೊತ್ತು ತಪ್ಪು ಹೇಳುತ್ತದೆ ಎಂದು ನೀನೇ ಬರೆದಿದ್ದೀಯ. ನಾನು ಯಾರನ್ನು ನಂಬಲಿ?

ಬಸ್ಸಿನವನ ಕೈಲಿ ಜೋಳದ ಹಿಟ್ಟಿನ ತಮಾಲೆ ಕಳಿಸಿದ್ದೇನೆ. ಬಾಳೆಲೆ ಬಿಚ್ಚದೆ ಬಿಸಿ ಮಾಡು. ಗ್ವಾಟೆಮಾಲಾದ ಅಂಗಿ ತೊಟ್ಟು ನಡೆಯುವ ನಿನ್ನ ಒಂದೊಂದು ಹೆಜ್ಜೆಗೂ ಕನ್ಯೆ ಮರಿಯಮ್ಮ ನೆರಳಾಗಿರಲಿ.

ನಿನ್ನ ಅಮ್ಮ,
ಎರ್ಮಿನಿಯಾ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ನೇರಿ ಮಾವ ಹೃದಯ ನಿಂತು ಹೋದ ಎಂದು ನಿನಗೆ ಹೇಳಿದ್ದೆ. ಅವನು ಬಿದ್ದದ್ದು ಫುಟ್‌ಬಾಲ್ ಮೈದಾನದಲ್ಲಿ, ಉರಿಬಿಸಿಲಲ್ಲಿ. ಮೈ ಸುಡುತ್ತಿತ್ತು, ಏನೇನೋ ಬಡಬಡಿಸುತ್ತಿದ್ದ. ಐಸು ಹೆರೆದು ಮಾರುವ ದೋನ್ ಚುಸ್ ತನ್ನ ಬಕೆಟ್ ಎತ್ತಿಕೊಂಡು ಓಡಿ ಬಂದ. "ಪಕ್ಕಕ್ಕೆ ಸರಿಯಮ್ಮಾ, ಮೈಮೇಲೆ ಸುರೀತೀನಿ" ಎಂದ. "ನನ್ನ ತಮ್ಮನ್ನ ಕೊಲ್ತೀಯಾ?" ಎಂದು ಬಕೆಟನ್ನು ಒದ್ದವಳು ನಾನು. ಕಂಬಳಿ ಹೊದಿಸಿದೆ. ಆ ಐಸು ಹುಲ್ಲಿನ ಮೇಲೆ ಕರಗಿ ಮುಗಿಯುವವರೆಗೂ ಅವನು ಉಸಿರಾಡುತ್ತಿದ್ದ.

ನೀನು ತೊಟ್ಟಿಗೆ ಇಳಿ, ಮಗಳೇ. ನೀನು ಕೊಟ್ಟ ಮಾತನ್ನು ನಾನೇ ಬಿಡಿಸಿದ್ದೇನೆ. ಡಾಕ್ಟರಮ್ಮನನ್ನು ಇನ್ನೊಂದು ಸಲ ಸರಿಯಾಗಿ ಕೇಳಿ ಬರೆ, ಯಾರು ಕೇಳಿದ್ದೆಂದು ಹೇಳಬೇಡ: ಅಂಥವರಿಗೆ ಒಂದು ಬಕೆಟ್ ಐಸು ಸಾಕಾಗುತ್ತದೆಯೇ, ಇಲ್ಲ ತೊಟ್ಟಿ ತುಂಬ ಬೇಕೇ ಬೇಕೇ?