ಚಾದರದ ಮೇಲೆ ನಮ್ಮೂರು

ಡಾರ್ವಿನ್, ಬುಧವಾರ

ಅಜ್ಜೀ,

ಶನಿವಾರ ಇಲ್ಲಿ ನಮ್ಮ ಫಿಲಿಪ್ಪೀನ್ಸಿನವರ ವರ್ಷದ ಮೆರವಣಿಗೆ ಇತ್ತು. ಒಂದೊಂದು ಊರಿನವರೂ ತಮ್ಮ ಊರಿನ ಹೆಸರು ಬರೆದ ಬ್ಯಾನರ್ ಹಿಡಿದು ನಡೆಯುತ್ತಾರೆ. ನಮ್ಮ ಕಲುಂಬಾನಿನವಳು ಈ ಪಟ್ಟಣದಲ್ಲಿ ನಾನೊಬ್ಬಳೇ. ಅದಕ್ಕೇ ಹಾಸಿಗೆಯ ಬಿಳಿ ಚಾದರ ಎಳೆದು, ನೀಲಿ ಬಣ್ಣದಲ್ಲಿ ಊರಿನ ಹೆಸರು ಬರೆದೆ. ಶಾಲೆ ಬಿಟ್ಟವಳ ಅಕ್ಷರ, ಸೊಟ್ಟಗೇ ಇತ್ತು. ಆದರೆ ದೂರಕ್ಕೆ ಕಾಣುತ್ತಿತ್ತು.

ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ ದಾದೋಯ್ ಮಾವ ನಕ್ಕ. "ಏನೇ, ನಿಮ್ಮೂರೋರೆಲ್ಲ ಇನ್ನೂ ಎದ್ದಿಲ್ವಾ? ಹತ್ತು ಜನ ಇಲ್ದೆ ಬ್ಯಾನರ್ ಬಿಡಲ್ಲ."

ನಮ್ಮೂರ ಪಕ್ಕದ ದ್ವೀಪದ ಕೊರಿಂಗ್ ಚಿಕ್ಕಮ್ಮನಿಗೆ ಪಾಪ ಅನ್ನಿಸಿತು. "ನಮ್ಮ ಹುಡುಗೀರನ್ನ ಕರ್ಕೊಳ್ಳೇ. ಅವರ ಹಣೇಲೇನು ಊರ ಹೆಸರು ಬರ್ದಿದ್ಯಾ?"

"ಬೇಡ ಚಿಕ್ಕಮ್ಮ, ಸುಳ್ಳಾಗುತ್ತೆ. ಇರೋಳು ಒಬ್ಳು, ಒಬ್ಳೇ ನಡೀತೀನಿ."

"ಹಂಗಾದ್ರೆ ಕಸದ ಲಾರಿ ಹಿಂದೆ ನಡಿ, ಮಹಾರಾಣಿ," ಅಂದ ಮಾವ.

ನಡೆದೆ ಅಜ್ಜಿ. ಬ್ಯಾಂಡು, ಕಿರೀಟ ಇಟ್ಟ ಹುಡುಗಿಯರು, ಉಳಿದ ಊರುಗಳು, ಕಸದ ಲಾರಿ, ಆಮೇಲೆ ನಾನು. ಅಷ್ಟರಲ್ಲಿ ಜನ ಕುರ್ಚಿ ಮಡಚುತ್ತಿದ್ದರು, ಚಪ್ಪಾಳೆ ತಟ್ಟಿದವರು ಯಾರೂ ಇಲ್ಲ. ಆದರೂ ಎತ್ತಿದ ಕೈ ಕೊನೆಯ ತನಕ ಇಳಿಸಲಿಲ್ಲ.

ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಬಾಕಿ ಆರೋಗ್ಯವಾಗಿದ್ದೇನೆ. ಲಾಂಡ್ರಿಯಲ್ಲಿನ ನನ್ನ ಕೆಲಸ ಹೋಗಿಲ್ಲ. ನನಗಿರುವುದು ಅದೊಂದೇ ಚಾದರ. ಎಷ್ಟು ಉಜ್ಜಿದರೂ ಬಣ್ಣ ಹೋಗಲಿಲ್ಲ. ಮುಂದಿನ ಮೆರವಣಿಗೆಯ ತನಕ ನಮ್ಮೂರ ಮೇಲೆಯೇ ಮಲಗುತ್ತೇನೆ.

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ಲುಸಿಂಗ್