ಹಿಂದಿನ ಸೀಟಿನವಳಿಗೆ

ರೌಸ್ ಹಿಲ್, ಸಿಡ್ನಿ
22 ಜುಲೈ 2025, ಮಂಗಳವಾರ

ನನ್ನ ನಿರೀಕ್ಷಾಳಿಗೆ,

ಕೈಬರಹದ ಕಾಗದ ನೋಡಿ ಹೆದರಬೇಡ. ಪಪ್ಪ ಹುಷಾರಾಗಿದ್ದಾರೆ, ನಾನೂ ಹುಷಾರಾಗಿದ್ದೇನೆ. ವಾಟ್ಸ್ಯಾಪ್‌ನಲ್ಲಿ ಬರೆಯಬಹುದಿತ್ತು, ಆದರೆ ನೀನು ಓದಿದ್ದೀ ಎಂಬ ನೀಲಿ ಗುರುತು ಕಂಡೂ ಉತ್ತರ ಬಾರದಿದ್ದರೆ ನನಗೆ ತಡೆಯಲಾಗದು. ಫೋನಿನಲ್ಲಾದರೆ ಊಟ ತಿಂಡಿಯ ಮಾತಾಡಿ ಇಟ್ಟುಬಿಡುತ್ತೇನೆ. ಎಂಟು ವರ್ಷ ಮೂತಿ ಊದಿಸಿಕೊಂಡೇ ಭಾನುವಾರದ ಕನ್ನಡ ಶಾಲೆಗೆ ಹೋದವಳು ನೀನು. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡಾದರೂ ಓದುತ್ತೀ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಶನಿವಾರ ಮೆಲ್ಬರ್ನಿನ ಕ್ರೇಗಿಬರ್ನ್ ಮೈದಾನದಿಂದ ನಿನ್ನ ರೂಮಿಗೆ ಬಂದ ಕೂಡಲೇ ತಲೆನೋವು ಎಂದು ಮಲಗಿದೆನಲ್ಲ, ಅದು ಸುಳ್ಳು. ನನಗೆ ತಲೆನೋವಿರಲಿಲ್ಲ, ಸಿಡಿಲು ಹೊಡೆದಂತಾಗಿತ್ತು. ನಿನ್ನೆ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂತು ಒಬ್ಬರ ಅಪಾಯಿಂಟ್‌ಮೆಂಟನ್ನು ಇನ್ನೊಬ್ಬರಿಗೆ ಕೊಟ್ಟು ಡಾಕ್ಟರರಿಂದ ಬೈಸಿಕೊಂಡೆ.

ಈ ಮೂರು ವರ್ಷದಲ್ಲಿ ನಿನ್ನ ಒಂದು ಆಟಕ್ಕೂ ನಾನು ಬಂದಿರಲಿಲ್ಲ. ಫುಟಿ ಆಟದ ಆ ಮೊಟ್ಟೆಯಂಥ ಚೆಂಡೇ ನಿನ್ನನ್ನು ಮೆಲ್ಬರ್ನಿಗೆ ಎಳೆದುಕೊಂಡು ಹೋಯಿತೆಂದು ನನಗೆ ಅದರ ಮೇಲೆ ಕೋಪ. ಈ ಸಲ ನಮ್ಮ ರೌಸ್ ಹಿಲ್ ಕಡೆಯ ತಂಡ ನಿಮ್ಮ ಕ್ಲಬ್ಬಿನ ಜೊತೆ ಸ್ನೇಹಪಂದ್ಯಕ್ಕೆ ಹೊರಟಿತು. ಅದರಲ್ಲಿ ಆಡುವ ಪ್ರಣತಿ, ಭವ್ಯಶ್ರೀ ಅಕ್ಕತಂಗಿಯರ ಅಮ್ಮ ನನ್ನ ಕೈಹಿಡಿದು ಎಳೆದುಕೊಂಡು ಬಂದರು. ನಿನಗೆ ಅವರ ಪರಿಚಯವಿಲ್ಲ, ನೀನು ಹೋದ ಮೇಲೆ ನಮ್ಮ ಬೀದಿಗೆ ಬಂದವರು. ಕಾರ್ಕಳದವರು, ಮನೆಯಲ್ಲಿ ಬರೀ ತುಳು.

ಪಪ್ಪನಿಗೆ ರಜೆ ಸಿಗಲಿಲ್ಲ. ಅದಕ್ಕೆ ಹಿಂದಿನ ದಿನ ಊಟದ ಮೇಜಿನ ಮೇಲೆ ಲೋಟ, ಉಪ್ಪಿನಕಾಯಿ ಬಾಟಲಿಗಳನ್ನು ಜೋಡಿಸಿ ನನಗೆ ಪಾಠ ಮಾಡಿದರು. ಚೆಂಡನ್ನು ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟ್. ಪಕ್ಕಕ್ಕೆ ಜಾರಿದರೆ ಒಂದೇ. ಆಗ ಗೋಲು ಕಾಯುವ ತಂಡದವಳೊಬ್ಬಳು ಕಂಬಗಳ ಮುಂದಿನ ಚೌಕದಿಂದ ಚೆಂಡನ್ನು ಮತ್ತೆ ಆಟಕ್ಕೆ ಒದೆಯಬೇಕು. ಅದೇ ಕಿಕ್-ಇನ್. ಹತ್ತಿರದ ಮೂಲೆಗೆ ಚಿಕ್ಕದಾಗಿ ಒದೆಯಬಹುದು, ಗೆರೆಯ ಪಕ್ಕಕ್ಕೆ ಉದ್ದವಾಗಿ ಒದೆಯಬಹುದು, ಯಾರಿಗೂ ಕೊಡದೆ ತಾನೇ ಹಿಡಿದುಕೊಂಡು ಓಡಲೂಬಹುದು. ಧೈರ್ಯವಿದ್ದವಳು ನಡುವಿಗೇ ಒದೆಯುತ್ತಾಳೆ, ಆದರೆ ಅಲ್ಲಿ ಚೆಂಡು ತಪ್ಪಿದರೆ ಎದುರಿನವರಿಗೆ ಗೋಲನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಎದುರಿನವರು ಆ ಹೊತ್ತಿಗೆ ಒಬ್ಬೊಬ್ಬರ ಹಿಂದೆ ಓಡದೆ, ಜಾಗ ಹಂಚಿಕೊಂಡು ಬಲೆ ಹಾಕಿದಂತೆ ನಿಲ್ಲುತ್ತಾರೆ. ಬಲೆಯಲ್ಲಿ ಸಂದು ಎಲ್ಲಿದೆ ಎಂದು ಒದೆಯುವವಳಿಗೆ ಎರಡು ಮೂರು ಸೆಕೆಂಡಿನಲ್ಲಿ ಗೊತ್ತಾಗಬೇಕು. ನೋಡು, ಎಷ್ಟು ಚಂದ ಕಲಿತಿದ್ದೇನೆ! ಇಪ್ಪತ್ತು ವರ್ಷದಿಂದ ಟಿವಿಯ ಮುಂದೆ ಪಪ್ಪ ಕೂಗಾಡುತ್ತಿದ್ದುದು ಏನೆಂದು ಮೊನ್ನೆ ಅರ್ಥವಾಯಿತು.

ಅಕ್ಕತಂಗಿಯರ ಉಪಾಯ ಏನೆಂದು ಅವರ ಅಮ್ಮ ವಿಮಾನದಲ್ಲೇ ನಗುತ್ತಾ ಹೇಳಿದ್ದರು. ಒದೆಯುವವಳು ಪ್ರಣತಿ. ಭವ್ಯಶ್ರೀ ಮೈದಾನದ ನಡುವೆ ನಿಂತು, ಬಲೆಯಲ್ಲಿ ಸಂದು ಕಂಡ ಕೂಡಲೇ ತುಳುವಿನಲ್ಲಿ ಕೂಗುವುದು. ಕೈತಲ್ ಅಂದರೆ ಹತ್ತಿರದ ಮೂಲೆಗೆ. ಬಲಿಪು ಅಂದರೆ ನೀನೇ ಹಿಡಿದು ಓಡು. ತಂಡದ ಉಳಿದ ಹುಡುಗಿಯರಿಗೂ, ಆಸ್ಟ್ರೇಲಿಯಾದವರಿಗೆ, ವಿಯೆಟ್ನಾಮಿನವರಿಗೆಲ್ಲ, ನಾಲ್ಕಾರು ತುಳು ಶಬ್ದ ಕಲಿಸಿಟ್ಟಿದ್ದರಂತೆ. ಮೆಲ್ಬರ್ನಿನ ಮೈದಾನದಲ್ಲಿ ಯಾವಳಿಗೆ ತುಳು ಅರ್ಥವಾಗ್ತದೆ ಅಂತ ಅವರ ಅಮ್ಮ ಕೇಳಿದಾಗ ನಾನೂ ಬಿದ್ದು ಬಿದ್ದು ನಕ್ಕೆ.

ಮೊದಲ ಕಿಕ್-ಇನ್‌ಗೆ ಭವ್ಯಶ್ರೀ ಕೈತಲ್ ಎಂದು ಕೂಗಿದಳು. ಚೆಂಡು ಬೀಳುವ ಜಾಗಕ್ಕೆ ಹದಿನೇಳನೇ ನಂಬರಿನ ಅಂಗಿಯ ನೀನು ಅದಕ್ಕೂ ಮೊದಲೇ ಹೋಗಿ ನಿಂತಿದ್ದೆ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಎರಡನೆಯ ಸಲ ಬಲಿಪು ಎಂದಳು. ಪ್ರಣತಿ ಹೆಜ್ಜೆ ಎತ್ತುವ ಮೊದಲೇ ನೀನು ಅವಳ ದಾರಿಗೆ ಅಡ್ಡ ಹೋಗಿದ್ದೆ. ಮೂರನೆಯ ಸಲ ಪ್ರಣತಿ ಮೈಯನ್ನೆಲ್ಲ ಬಲಕ್ಕೆ ತಿರುಗಿಸಿ ಉದ್ದ ಹೊಡೆಯುವ ನಟನೆ ಮಾಡಿದಳು. ನಿಮ್ಮ ಹುಡುಗಿಯರೆಲ್ಲ ಬಲಕ್ಕೆ ಓಡಿದರು. ನೀನು ಅವಳಿಗೆ ಬೆನ್ನು ಹಾಕಿ ನಿಂತಿದ್ದೆ ಮಗಾ, ಅವಳ ಕಾಲನ್ನಾಗಲಿ ಕಣ್ಣನ್ನಾಗಲಿ ನೋಡಲೇ ಇಲ್ಲ. ಭವ್ಯಶ್ರೀ ಕೈತಲ್ ಎಂದದ್ದೇ ತಡ, ನೀನೊಬ್ಬಳೇ ತಿರುಗಿ ಎಡಮೂಲೆಗೆ ಓಡಿದೆ. ಚೆಂಡು ನಿನ್ನ ಎದೆಗೇ ಬಂತು. ಗೋಲು.

ಪ್ರಣತಿಯ ಅಮ್ಮ ನನ್ನ ಕಡೆ ತಿರುಗಿ, ನಿಮ್ಮ ಮಗಳಿಗೆ ಚಂದ ತುಳು ಬರ್ತದಲ್ಲ ಮಾರಾಯ್ರೆ, ಒಂದು ದಿನವೂ ಹೇಳಲಿಲ್ಲ ನೀವು ಅಂದರು. ಇಲ್ಲಪ್ಪ, ಅವಳಿಗೆ ತುಳುವಿನ ಗಂಧಗಾಳಿ ಇಲ್ಲ, ಕೋಚ್ ಚೆನ್ನಾಗಿ ಕಲಿಸಿದ್ದಾರೆ ಎಂದೆ. ನಿಜವಾಗಿಯೂ ಹಾಗೇ ನಂಬಿದ್ದೆ.

ಕೊನೆಯ ಕ್ವಾರ್ಟರಿನಲ್ಲಿ ಭವ್ಯಶ್ರೀಗೆ ತಾಳ್ಮೆ ತಪ್ಪಿತು. ಸಂಕೇತ ಗಿಂಕೇತ ಬಿಟ್ಟು ಅಕ್ಕನಿಗೆ ಉದ್ದಕ್ಕೆ ತುಳುವಿನಲ್ಲೇ ಕಿರುಚಿದಳು: ಆ ಹದಿನೇಳರವಳಿಗೆ ಎಲ್ಲ ಗೊತ್ತಾಗುತ್ತಿದೆ, ಅವಳ ತಲೆಯ ಮೇಲಿಂದ ಹೊಡಿ ಅಂತ. ಆಗ ನೀನು ನಕ್ಕೆ. ನಗುತ್ತಲೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಹಾರಿ ಚೆಂಡು ಹಿಡಿದೆ.

ಆ ನಗು ನೋಡಿದ ಮೇಲೆ ನನಗೆ ಸಂಶಯ ಉಳಿಯಲಿಲ್ಲ, ನಿನಗೆ ತುಳು ಅರ್ಥವಾಗುತ್ತದೆ. ಫ್ಲಾಸ್ಕಿನ ಬಿಸಿ ಚಹಾ ಮಡಿಲ ಮೇಲೆ ಚೆಲ್ಲಿದ್ದು ನನಗೆ ತಿಳಿಯಲೇ ಇಲ್ಲ, ಪ್ರಣತಿಯ ಅಮ್ಮ ಬೊಬ್ಬೆ ಹಾಕಿದ ಮೇಲೆ ಗೊತ್ತಾಯಿತು. ಸುತ್ತ ಎಲ್ಲರೂ ಕುಣಿಯುತ್ತಿದ್ದರು. ನಾನು ಮಾತ್ರ ಕಲ್ಲಾಗಿ ಕೂತಿದ್ದೆ.

ನಿನಗೆ ನಾವು ತುಳು ಕಲಿಸಲಿಲ್ಲ. ಶಾಲೆಗೆ ಇಂಗ್ಲಿಷ್, ಮನೆಗೆ ಕನ್ನಡ, ಮಗುವಿಗೆ ಅಷ್ಟು ಸಾಕು ಎಂದುಕೊಂಡೆವು. ಆಮೇಲೆ ಅದೇ ನಮಗೆ ಅನುಕೂಲವೂ ಆಯಿತು. ನಿನಗೆ ತಿಳಿಯಬಾರದ ಮಾತು ಬಂದರೆ ಸಾಕು, ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕುವ ಬದಲು ಅಲ್ಲೇ ತುಳುವಿಗೆ ತಿರುಗುತ್ತಿದ್ದೆವು. ನಿನ್ನೆದುರಿಗೇ, ನಿನಗೆ ಅನ್ನ ಬಡಿಸುತ್ತಲೇ.

ಮೂರು ದಿನದಿಂದ ಹಳೆಯದೆಲ್ಲ ಒಂದೊಂದಾಗಿ ತಿರುಗಿ ಕಾಣುತ್ತಿದೆ. ಹತ್ತನೇ ಹುಟ್ಟುಹಬ್ಬಕ್ಕೆ ಗರಾಜಿನಲ್ಲಿ ಸೈಕಲ್ ಬಚ್ಚಿಟ್ಟಿದ್ದೆವು. ಹಾಗಾದರೆ ನಿನಗೆ ಮೊದಲೇ ಗೊತ್ತಿತ್ತು, ಎಷ್ಟು ಚೆನ್ನಾಗಿ ಆಶ್ಚರ್ಯಪಟ್ಟೆ ಕಳ್ಳಿ! ಪಪ್ಪನ ಕೆಲಸ ಹೋದ ವಾರ ನೀನು ಶಾಲೆಯ ಕ್ಯಾಂಪ್ ಬೇಡ, ಬೋರಿಂಗ್ ಅಂದಿದ್ದೆ. ಹನ್ನೆರಡು ವರ್ಷದ ಹುಡುಗಿಗೆ ಕ್ಯಾಂಪ್ ಹೇಗೆ ಬೋರಿಂಗ್ ಆಗುತ್ತದೆ ಎಂದು ನಾವಿಬ್ಬರೂ ಯೋಚಿಸಲೇ ಇಲ್ಲ. ಅಜ್ಜಿ ಹೋದ ಸುದ್ದಿ ನಿನ್ನ ಪರೀಕ್ಷೆ ಮುಗಿಯಲಿ ಎಂದು ನಾಲ್ಕು ದಿನ ತಡೆದಿದ್ದೆವು. ಆ ನಾಲ್ಕು ದಿನ ನೀನು ಅಜ್ಜಿ ಹೊಲಿದ ಕೌದಿಯನ್ನೇ ಹೊದ್ದು ಮಲಗುತ್ತಿದ್ದೆ. ಒಬ್ಬಳೇ ಅತ್ತೆಯಾ?

ಇಷ್ಟುದ್ದ ಬರೆದೂ ಹೇಳಬೇಕಾದ್ದರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೇನೆ. ನಿನಗೆ ಅದು ಗೊತ್ತಾಗಿರುತ್ತದೆ.

2022ರ ಮೇ ತಿಂಗಳು. ಮಂಗಳೂರಿನಲ್ಲಿ ನನ್ನ ಜೊತೆ ದಂತವೈದ್ಯಕೀಯ ಓದಿದವಳೊಬ್ಬಳು ಇಲ್ಲೇ ಸಿಡ್ನಿಯ ಎಪ್ಪಿಂಗ್‌ನಲ್ಲಿ ಸ್ವಂತ ಕ್ಲಿನಿಕ್ ತೆರೆದಳು. ಕಾಲೇಜಿನಲ್ಲಿ ಅವಳಿಗಿಂತ ಮುಂದಿದ್ದವಳು ನಾನು. ಇಲ್ಲಿನ ಲೈಸೆನ್ಸ್ ಪರೀಕ್ಷೆಯ ದಿನ ನೀನು ಹೊಟ್ಟೆಯಲ್ಲಿದ್ದೆ, ವಾಂತಿ ತಾಳಲಾರದೆ ನಾನು ಅರ್ಧದಲ್ಲೇ ಎದ್ದು ಬಂದೆ ಎಂಬ ಕಥೆಯನ್ನು ನೀನು ಚಿಕ್ಕಂದಿನಿಂದ ಕೇಳಿದ್ದೀ. ಆವತ್ತು ಪೂಜೆಯ ಪ್ರಸಾದ ತಿಂದು, ಎಲ್ಲರೊಂದಿಗೆ ನಕ್ಕು, ಕಾರು ಹತ್ತಿದ ಮೇಲೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ನೀನು ಹಿಂದಿನ ಸೀಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ್ದೆ. ನಾನು ಪಪ್ಪನಿಗೆ ತುಳುವಿನಲ್ಲಿ ಹೇಳಿದೆ. ಇವಳೊಬ್ಬಳು ಹುಟ್ಟದಿದ್ದರೆ ಆ ಬೋರ್ಡಿನಲ್ಲಿ ನನ್ನ ಹೆಸರಿರುತ್ತಿತ್ತು, ಒಂದು ತಪ್ಪನ್ನು ಹತ್ತೊಂಬತ್ತು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ ಎಂದೆ. ಪಪ್ಪ, ಬಾಯಿ ಮುಚ್ಚು, ಮಗು ಇದ್ದಾಳೆ ಎಂದು ಗದರಿದರು. ಅವಳಿಗೇನು ಗೊತ್ತಾಗ್ತದೆ ಅಂದೆ ನಾನು.

ಹನ್ನೊಂದು ದಿನದ ಮೇಲೆ ಬೆಳಗಿನ ತಿಂಡಿಗೆ ಕೂತಾಗ ನೀನು ಮೆಲ್ಬರ್ನಿನ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ತೆಗೆದುಕೊಂಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲಿ ಫುಟಿ ಚೆನ್ನಾಗಿದೆ ಅಂದೆ. ನಾನು ನಂಬಿದೆ, ಕಂಡವರಿಗೆಲ್ಲ ಅದನ್ನೇ ಹೇಳಿದೆ. ಮೂರು ವರ್ಷ ಒಂದು ಚೆಂಡನ್ನು ಶಪಿಸಿದೆ.

ಆ ಮಾತನ್ನು ಕೇಳಿಸಿಕೊಂಡೂ ನೀನು ಪ್ರತಿ ಭಾನುವಾರ ಫೋನ್ ಮಾಡಿದೆಯಲ್ಲ. ಐ ಆಮ್ ಗುಡ್ ಅಮ್ಮಾ, ಊಟ ಆಯ್ತು ಅಮ್ಮಾ. ಒಂದು ಸಲವಾದರೂ ಕೂಗಾಡಬಾರದಿತ್ತೇ?

ಸಿಟ್ಟಿನಲ್ಲಿ ಬಾಯಿತಪ್ಪಿ ಬಂದ ಮಾತು ಎಂದು ಬರೆದು ಹೊಡೆದುಹಾಕಿದೆ, ಈ ಸಾಲಿನ ಮೇಲಿನ ಗೀಚು ಅದೇ. ಆ ಹೊತ್ತಿಗೆ ನನಗೆ ಹಾಗೆ ಅನಿಸಿದ್ದು ನಿಜ. ನೀನು ಹುಟ್ಟಿದ ದಿನ ನಿನ್ನನ್ನು ಎದೆಯ ಮೇಲೆ ಮಲಗಿಸಿದಾಗ ನನಗೆ ಬೇರೇನೂ ಬೇಡವೆನಿಸಿದ್ದೂ ಅಷ್ಟೇ ನಿಜ. ಎರಡನ್ನೂ ನಿನ್ನ ಮುಂದಿಡುತ್ತಿದ್ದೇನೆ. ನನ್ನನ್ನು ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ಕ್ಷಮಿಸು ಮಗಾ.

ಪಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ಮಗಳು ನಾಲ್ಕು ಕಿಕ್-ಇನ್ ಕಸಿದುಕೊಂಡಳೆಂಬ ಸಂಭ್ರಮ ಅವರಿಗೆ, ಉಡುಪಿಯವರೆಗೆ ವಿಡಿಯೊ ಕಳಿಸುತ್ತಿದ್ದಾರೆ. ಆಟವನ್ನು ಓದುವ ಕಲೆ ನಿನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಿಮ್ಮ ಕೋಚ್ ಹೇಳಿದ್ದನ್ನು ನಾನು ತಿಳಿಸಿದ ಮೇಲಂತೂ ನೆಲದ ಮೇಲೆ ಕಾಲಿಡುತ್ತಿಲ್ಲ.

ಭಾನುವಾರ ಫೋನ್ ಮಾಡುತ್ತೀಯಾ? ನಾನು ತುಳುವಿನಲ್ಲೇ ಮಾತಾಡುತ್ತೇನೆ. ನೀನು ಯಾವ ಭಾಷೆಯಲ್ಲಿ ಬೇಕಾದರೂ ಬೈ. ಫೋನ್ ಮಾಡದಿದ್ದರೂ ಯಾಕೆಂದು ನಾನು ಕೇಳುವುದಿಲ್ಲ.

ಇಷ್ಟು ದಿನ ನಿನ್ನನ್ನು ಅರಿಯದ,
ನಿನ್ನ ಅಮ್ಮ
ಕುಸುಮಾವತಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಒಡೆದು ಬರೆಯುತ್ತಿದ್ದೇನೆ. ನಾನು ಪರೀಕ್ಷೆಯಿಂದ ಅರ್ಧಕ್ಕೆ ಎದ್ದು ಬರಲಿಲ್ಲ. ಆ ದಿನ ನನಗೆ ವಾಂತಿಯೂ ಇರಲಿಲ್ಲ. ಕೊನೆಯ ಗಂಟೆಯವರೆಗೆ ಕೂತು ಎಲ್ಲ ಬರೆದು ಫೇಲಾದೆ. ಫಲಿತಾಂಶದ ಕಾಗದ ಬಂದಾಗ ಪಪ್ಪ ಮನೆಯಲ್ಲಿರಲಿಲ್ಲ, ಹರಿದು ಹಾಕಿದೆ. ನೀನು ಹೊಟ್ಟೆಯಲ್ಲಿದ್ದೀ ಎಂದು ತಿಳಿದದ್ದು ಅದರ ಮುಂದಿನ ವಾರ. ಆಗ ವಾಂತಿಯ ಕಥೆ ಕಟ್ಟಿದೆ. ಆಮೇಲೆ ಎರಡು ಸಲ ಪಪ್ಪ ತಾವೇ ಫಾರ್ಮ್ ತಂದುಕೊಟ್ಟರು. ನನಗೆ ಮತ್ತೆ ಫೇಲಾಗುವ ಹೆದರಿಕೆ, ಮಗು ಚಿಕ್ಕದು ಎಂದು ನಿನ್ನ ಹೆಸರು ಹೇಳಿದೆ. ನೀನು ನನ್ನಿಂದ ಏನನ್ನೂ ಕಿತ್ತುಕೊಂಡಿಲ್ಲ ನಿರೀಕ್ಷಾ. ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ, ಯಾವ ಭಾಷೆಯಲ್ಲೂ ಹೇಳಿಲ್ಲ.