ತಿರುಗಿಸಿದ ನಳಿಗೆ

ನೆರಿಯ,
ಮಂಗಳವಾರ, 2 ಏಪ್ರಿಲ್ 2024

ಪ್ರೀತಿಯ ಪ್ರಾಪ್ತಿಯ ಪಪ್ಪನಿಗೆ,

ನಿಮ್ಮ ಸೊಂಟನೋವು ಈಗ ಹೇಗುಂಟು? ಮೊನ್ನೆ ಫೋನಿನಲ್ಲಿ ಪರವಾಗಿಲ್ಲ ಎಂದಿರಿ, ಆದರೆ ಕುರ್ಚಿಯಿಂದ ಏಳುವಾಗ ನೀವು ನರಳಿದ್ದು ನನಗೆ ಕೇಳಿಸಿತು. ಆ ರೂಮಿನ ಎ.ಸಿ. ನೇರ ಬೆನ್ನಿಗೆ ಬೀಳುತ್ತದೆ ಎಂದಿದ್ದಿರಲ್ಲ, ಮಂಚವನ್ನು ಆಚೆ ಗೋಡೆಗೆ ಎಳೆದುಕೊಳ್ಳಿ, ನಾಳೆ ಎನ್ನಬೇಡಿ. ಊಟ ಬಿಟ್ಟು ಬರೀ ಕುಬ್ಬೂಸ್ ರೊಟ್ಟಿ ತಿಂದು ಮಲಗಬೇಡಿ. ಮಾವನ ಕಣ್ಣು ಈಗ ಚೆನ್ನಾಗಿದೆ, ಪೊರೆ ತೆಗೆದ ಕಣ್ಣಿನಲ್ಲಿ ಪೇಪರಿನ ಸಣ್ಣ ಅಕ್ಷರ ಕೂಡ ಓದುತ್ತಾರೆ. ಪ್ರಾಪ್ತಿ ಪರೀಕ್ಷೆ ಬರೆದು ಮುಗಿಸಿದಳು.

ದಿನಾ ವಿಡಿಯೋ ಕಾಲ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ನೀವು ಕರೆ ಮಾಡಿದಾಗ ಮಾವ ಪಕ್ಕದಲ್ಲೇ ಕೂತಿರುತ್ತಾರೆ, ಪ್ರಾಪ್ತಿ ಮೈಮೇಲೆ ಬಿದ್ದಿರುತ್ತಾಳೆ. ಜೀಪಿನ ನಾಸಿರಣ್ಣನ ಕಾಲಿಗೆ ಗಾಯವಾಗಿದೆ, ಕೋವಿ ಪೊಲೀಸರ ಹತ್ತಿರ ಉಂಟು, ಇಷ್ಟನ್ನೇ ನಿಮಗೆ ಹೇಳಿದ್ದು. ಅದು ಅರ್ಧ ಮಾತು. ನಾಸಿರಣ್ಣನ ಭಾವ ಅಬ್ದುಲ್ ರಹಿಮಾನ್ ರಜೆ ಮುಗಿದು ಪೆರ್ನಾಲ್ ಹಬ್ಬಕ್ಕೂ ನಿಲ್ಲದೆ ನಾಳೆ ಮಸ್ಕತ್ತಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಹಪ್ಪಳದ ಕಟ್ಟಿನ ಜತೆ ಇದನ್ನು ಕೊಡುತ್ತೇನೆ. ಒಬ್ಬರೇ ಇರುವಾಗ ಓದಿ.

ಚುನಾವಣೆ ಬಂತೆಂದರೆ ನಮ್ಮಲ್ಲಿ ಕೋವಿ ಇದ್ದವರೆಲ್ಲ ಅದನ್ನು ಠಾಣೆಯಲ್ಲಿ ಇಟ್ಟು ರಶೀದಿ ತರಬೇಕು, ನಿಮಗೆ ಗೊತ್ತಿದ್ದದ್ದೇ. ಮಾರ್ಚ್ ಇಪ್ಪತ್ತರ ಬುಧವಾರ ಮಾವ ಅದಕ್ಕೆಂದು ಹೊರಟರು. ನಾಸಿರಣ್ಣನ ಜೀಪು ಪ್ರಾಪ್ತಿಯನ್ನು ಶಾಲೆಗೆ ಬಿಟ್ಟು ಮುಂದೆ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಮಾವ ಜಗಲಿಯಲ್ಲಿ ಕೂತು ಕೋವಿಗೆ ಗೋಣಿ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ನಾನು ದೋಸೆ ಸಟ್ಟುಗ ಹಿಡಿದುಕೊಂಡೇ ಬಂದು, "ಮಾವಾ, ನಳಿಗೆ ಮಡಚಿ, ಗುಂಡಿನ ತೋಟೆ ಉಂಟಾ ಎಂದು ಒಳಗೆ ನೋಡಿದ್ದೀರಾ?" ಎಂದು ಕೇಳಿದೆ. ಅವರು ತಲೆ ಎತ್ತದೆ, "ಕಣ್ಣಿನ ಆಪರೇಶನ್ ಆದಂದಿನಿಂದ ನಾನು ಇದನ್ನು ಮುಟ್ಟಿದ್ದೇ ಇಲ್ಲ. ಮುಟ್ಟದ ಕೋವಿಗೆ ತೋಟೆ ಎಲ್ಲಿಂದ ಬರುವುದು?" ಎಂದರು. ನಾನು ಸುಮ್ಮನಾದೆ. ಬೇಡ ಬೇಡವೆಂದರೂ ಆ ಸುಮ್ಮನಿದ್ದದ್ದು ನನಗೆ ದಿನಾ ನೆನಪಾಗುತ್ತದೆ.

ಮಾವನಿಗೆ ವಯಸ್ಸಾಗುತ್ತದೆ, ಮುಂದೆ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸುವ ಎಂದು ಫೆಬ್ರವರಿಯಲ್ಲಿ ನಾನು ಪೊಲೀಸರ ಬಂದೂಕು ತರಬೇತಿಗೆ ಹೋದದ್ದನ್ನು ನೀವು ತಮಾಷೆ ಮಾಡಿದ್ದಿರಿ, ಮಂಗಗಳಿಗೆ ಇನ್ನು ಗತಿ ಇಲ್ಲ ಎಂದು. ಅಲ್ಲಿ ಕಲಿಸಿದವರು ವೇಣೂರಿನ ಸುಬ್ಬಯ್ಯ ಎಂಬ ನಿವೃತ್ತ ಹವಾಲ್ದಾರರು. ಮೊದಲ ಎರಡು ದಿನ ಒಂದು ಗುಂಡನ್ನೂ ಕೊಡಲಿಲ್ಲ. ಕೋವಿ ಕೈಯಿಂದ ಕೈಗೆ ಹೋದಾಗಲೆಲ್ಲ ಮಡಚಿ ನೋಡು, ಕಣ್ಣಿನಲ್ಲಿ ನೋಡಿದ ಮೇಲೆ ಬೆರಳು ಹಾಕಿ ನೋಡು ಎಂದು ಒಂದನ್ನೇ ಮಾಡಿಸಿದರು. ಹಿಂದಿನ ನಿಮಿಷ ನಾನೇ ನೋಡಿ ಕೊಟ್ಟದ್ದು ಸರ್ ಎಂದರೂ ಬಿಡುತ್ತಿರಲಿಲ್ಲ. "ಖಾಲಿ ಕೋವಿ ಅಂತ ಒಂದು ಈ ಭೂಮಿಯ ಮೇಲೆ ಇಲ್ಲಮ್ಮ. ಎಲ್ಲ ಕೋವಿಯೂ ತುಂಬಿದ್ದೇ. ಯಾರ ಮೇಲೆ ಗುಂಡು ಬೀಳಬಾರದೋ ಅವರ ಕಡೆಗೆ ನಳಿಗೆ ತಿರುಗಲೇಬಾರದು," ಎನ್ನುತ್ತಿದ್ದರು. ಆಗ ನನಗೆ ಬೇಸರ ಬಂದದ್ದು ನಿಜ.

ಎಂಟೂವರೆಗೆ ಜೀಪು ಅಂಗಳಕ್ಕೆ ಬಂತು. ಪ್ರಾಪ್ತಿ ಹಿಂದಿನ ಸೀಟಿನ ಒಳಮೂಲೆಯಲ್ಲಿ ಕೂತು ಮಗ್ಗಿ ಹೇಳಿಕೊಳ್ಳುತ್ತಿದ್ದಳು. ನಾಸಿರಣ್ಣ ಹಿಂಬಾಗಿಲು ತೆಗೆದು ಪಕ್ಕಕ್ಕೆ ನಿಂತಿದ್ದರು. ಬುತ್ತಿ ಹಿಡಿದುಕೊಂಡು ಹೊರಗೆ ಬಂದ ನನಗೆ ಕಂಡದ್ದು ಇಷ್ಟು: ಮಾವ ಆ ಗೋಣಿಕಟ್ಟನ್ನು ಎರಡು ಸೀಟುಗಳ ನಡುವೆ ಉದ್ದಕ್ಕೆ ದೂಡುತ್ತಿದ್ದಾರೆ, ಗೋಣಿಯ ತುದಿಯಿಂದ ನಳಿಗೆಯ ಕಪ್ಪು ಬಾಯಿ ಹೊರಗೆ ಬಂದಿದೆ, ಅದು ನೇರ ನಮ್ಮ ಮಗಳ ಹೊಟ್ಟೆಯ ಕಡೆಗೆ ನೋಡುತ್ತಿದೆ.

"ಮಾವಾ, ತಿರುಗಿಸಿ," ಎಂದೆ. ಅವರು ನಕ್ಕು ನಾಸಿರಣ್ಣನಿಗೆ, "ನೋಡು ಮಾರಾಯ, ನಮ್ಮ ಹೊಸ ಪೊಲೀಸಮ್ಮ," ಎಂದರು. "ತಿರುಗಿಸಿ ಮಾವಾ, ಮಗು ಉಂಟು ಅಲ್ಲಿ," ಎಂದು ನಾನು ಕಿರುಚಿದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರ ಎದುರು ನಾನು ಸ್ವರ ಎತ್ತಿದವಳಲ್ಲ. ಹೊರಗಿನವರ ಮುಂದೆ ಸೊಸೆ ಹೀಗೆ ಹೇಳಿದ್ದು ಅವರಿಗೆ ಎಷ್ಟು ನಾಟಿತೆಂದು ಮುಖದಲ್ಲೇ ಕಂಡಿತು. ಆದರೂ ಕಟ್ಟನ್ನು ಹೊರಗೆ ಎಳೆದರು. ನಳಿಗೆಯನ್ನು ಅಂಗಳದ ನೆಲಕ್ಕೆ ಇಳಿಬಿಟ್ಟು, ಹಿಡಿಯ ಕಡೆಯಿಂದ ಮತ್ತೆ ಒಳಗೆ ದೂಡಿದರು. ಆಗ ಹಗ್ಗ ಹಿಂಬಾಗಿಲ ಕೊಂಡಿಗೆ ಸಿಕ್ಕಿತು. ಆ ಹಗ್ಗದ ಒಂದು ಸುತ್ತು ಕೋವಿಯ ಕುದುರೆಗೂ ಬಿದ್ದಿತ್ತಂತೆ, ತೋಟೆಯ ಹಿಂಬದಿಗೆ ಹೊಡೆಯುವ ಆ ಕಬ್ಬಿಣದ ಕೊಕ್ಕೆಗೆ. ಮಾವ ಬಿಡಿಸಲೆಂದು ಬಲವಾಗಿ ಹೊರಗೆ ಎಳೆದರು. ಕುದುರೆ ಹಿಂದಕ್ಕೆ ಬಂದು ಜಾರಿತು.

ಈಡು ಹಾರಿತು.

ಕಿವಿ ಮುಚ್ಚಿಹೋಯಿತು. ಪ್ರಾಪ್ತಿಯ ಬಾಯಿ ತೆರೆದಿತ್ತು, ಆದರೆ ನನಗೆ ಸ್ವರ ಕೇಳಿಸಲಿಲ್ಲ. ಅವಳನ್ನು ಎಳೆದು ಹೊರಗೆ ಹಾಕಿ, ಯೂನಿಫಾರ್ಮ್ ಎತ್ತಿ ಹೊಟ್ಟೆ, ಬೆನ್ನು, ಕಾಲು ಎಲ್ಲ ತಡವಿದೆ. ಏನೂ ಇರಲಿಲ್ಲ. ಮತ್ತೆ ತಡವಿದೆ. ಬುತ್ತಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಆಮೇಲೆ ನೋಡಿದರೆ ನಾಸಿರಣ್ಣ ನೆಲದಲ್ಲಿ ಕೂತಿದ್ದಾರೆ, ಎಡಗಾಲಿನ ಪ್ಯಾಂಟು ಮೊಣಕಾಲಿನಿಂದ ಕೆಳಗೆ ಒದ್ದೆಯಾಗುತ್ತಿದೆ. ಈಡು ಅಂಗಳದ ಅಂಚಿನ ಮುರಕಲ್ಲಿಗೆ ಬಡಿದು, ಕಲ್ಲಿನ ಚೂರು ಮತ್ತು ಕೆಲವು ಸೀಸದ ಚರೆಗಳು ಅವರ ಮೀನಖಂಡಕ್ಕೆ ಹೊಕ್ಕಿದ್ದವು. ನನ್ನ ಕಿವಿಗೆ ಮೊದಲು ಬಿದ್ದ ಮಾತು ಅವರದೇ, "ಮಗು ಹೇಗುಂಟು ಅಕ್ಕ?"

ಮಾವ ಕೋವಿ ಹಿಡಿದು ಕಲ್ಲಿನ ಹಾಗೆ ನಿಂತಿದ್ದರು. ನಳಿಗೆ ಈಗಲೂ ನೆಲಕ್ಕೇ ಇತ್ತು. ಹಾಗೆಯೇ ಕೆಳಗಿಡಿ, ಯಾರೂ ಮುಟ್ಟದ ಹಾಗೆ ಇಲ್ಲೇ ಕೂತುಕೊಳ್ಳಿ, ಠಾಣೆಗೆ ಫೋನ್ ಮಾಡಿ ಎಂದು ನಾನು ಹೇಳಿದೆನಂತೆ. ಹೇಳಿದ ನೆನಪಿಲ್ಲ. ನಾಸಿರಣ್ಣನನ್ನು ಹೇಗೆ ಜೀಪಿಗೆ ಹತ್ತಿಸಿದೆನೋ ಅದೂ ನೆನಪಿಲ್ಲ. ನೀವು ಕಾರಿನಲ್ಲಿ ಕಲಿಸಿದ ಡ್ರೈವಿಂಗ್ ಆ ಹಳೇ ಜೀಪಿನ ಗೇರಿಗೆ ಎಲ್ಲಿ ಸಾಕಾಗುತ್ತದೆ, ಕಕ್ಕಿಂಜೆಯವರೆಗೆ ಎರಡನೇ ಗೇರಿನಲ್ಲೇ ಹೋದೆ. ಅವರು ಹಿಂದಿನಿಂದ ನರಳುತ್ತಲೇ, "ಕ್ಲಚ್ ಪೂರ್ತಿ ಒತ್ತಿ ಅಕ್ಕ," ಎಂದು ಹೇಳಿಕೊಡುತ್ತಿದ್ದರು. ಬೈರಾಸು ಬಟ್ಟೆಯನ್ನು ಗಾಯಕ್ಕೆ ಒತ್ತಿ ಹಿಡಿದವಳು ಪ್ರಾಪ್ತಿ. ಬೆಳ್ತಂಗಡಿಯ ಆಸ್ಪತ್ರೆ ಮುಟ್ಟುವವರೆಗೆ ಎರಡು ಕೈಯನ್ನೂ ತೆಗೆಯಲಿಲ್ಲ, ಅಳಲೂ ಇಲ್ಲ. ಅಲ್ಲಿ ನರ್ಸಮ್ಮ ಮಾತ್ರೆ, ನೀರು ಕೊಟ್ಟಾಗ ನಾಸಿರಣ್ಣ ರಂಜಾನಿನ ಉಪವಾಸವೆಂದು ಹಿಂದೆಮುಂದೆ ನೋಡಿದರು. ಅವರ ತಾಯಿ ರುಖಿಯಮ್ಮ ಅಷ್ಟರಲ್ಲಿ ಬಂದು, "ಜೀವ ಉಳಿದರೆ ಉಪವಾಸ ಆಮೇಲೆ ಹಿಡಿಯಬಹುದು, ಕುಡಿ," ಎಂದು ಗದರಿದರು. ಏಳು ಚರೆ ತೆಗೆದರು. ಎರಡು ಒಳಗೇ ಉಂಟು, ತೆಗೆಯುವುದಕ್ಕಿಂತ ಬಿಡುವುದೇ ಒಳ್ಳೆಯದಂತೆ. ಮೂಳೆಗೆ ಏನೂ ಆಗಿಲ್ಲ.

ಇತ್ತ ಮಾವ ಬಿಸಿಲಿನಲ್ಲಿ ಕೋವಿಯ ಎದುರು ಕೂತೇ ಇದ್ದರಂತೆ. ಪೊಲೀಸರು ಬಂದು, ತೋಟೆ ಹಾಕಿದ್ದು ಯಾರು ಎಂದು ಕೇಳಿದರು. ಮಾವ, "ನಾನೇ. ಹಾಕಿ ಮರೆತೆ," ಎಂದರು. ನಾಸಿರಣ್ಣ ತನಗೆ ದೂರಿಲ್ಲವೆಂದರೂ ನಿರ್ಲಕ್ಷ್ಯದ ಕೇಸು ಆಗಿದೆ, ಕೋವಿ ಪೊಲೀಸರ ವಶದಲ್ಲಿದೆ, ಲೈಸೆನ್ಸಿನ ವಿಚಾರಣೆಗೆ ಕರೆಯುತ್ತಾರಂತೆ. ಮಾವ ಎಲ್ಲದಕ್ಕೂ ಸಹಿ ಹಾಕಿದರು. ಮನೆಯಲ್ಲಿ ಮೂರು ದಿನ ಊಟಕ್ಕೆ ಕೂತು ಎದ್ದುಹೋದರು. ಪ್ರಾಪ್ತಿಯ ಮುಖ ನೋಡುತ್ತಿರಲಿಲ್ಲ.

ನಾಲ್ಕನೇ ದಿನ ನನ್ನನ್ನು ಕರೆದುಕೊಂಡು ನಾಸಿರಣ್ಣನ ಮನೆಗೆ ಹೋದರು. ಅಂಗಳದಲ್ಲೇ ನಿಂತು, "ನನ್ನದು ತಪ್ಪಾಯಿತು ರುಖಿಯಮ್ಮ," ಎಂದರು. ನಿಮ್ಮ ಅಪ್ಪನ ಬಾಯಲ್ಲಿ ಆ ಮಾತನ್ನು ನೀವು ಕೇಳಿದ್ದೀರೋ ಇಲ್ಲವೋ, ನಾನು ಕೇಳಿರಲಿಲ್ಲ. ಬಿಡಿ, ಆಗಿಹೋಯಿತು ಎಂದು ರುಖಿಯಮ್ಮ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆ ಹೇಳಲಿಲ್ಲ. "ತಪ್ಪಾಯಿತು ಅಂದರೆ ಸಾಕಾ ಲೋಕಣ್ಣ? ನಿಮ್ಮ ಸೊಸೆ ಬಾಯಿ ತೆರೆಯದಿದ್ದರೆ ಆ ಹೆಣ್ಣುಮಗು ಎಲ್ಲಿರುತ್ತಿತ್ತು? ನಾಳೆ ಕೋವಿ ವಾಪಸ್ ಬರುತ್ತದೆ. ಮತ್ತೆ ಎಂತ ಮಾಡುತ್ತೀರಿ?" ಎಂದು ನೇರ ಕೇಳಿದರು.  ವಾಪಸ್ ಬಂದ ಮಾವ ನಮ್ಮ ಗೇಟಿನ ಹತ್ತಿರ ನಿಂತು, "ಆ ಸುಬ್ಬಯ್ಯ ಎನ್ನುವವರ ಮನೆ ನಿನಗೆ ಗೊತ್ತುಂಟಾ ಮಗಾ?" ಎಂದರು.

ಮರುದಿನವೇ ಬಸ್ಸು ಬದಲಿಸುತ್ತಾ ವೇಣೂರಿಗೆ ಹೋದೆವು. ನಲವತ್ತು ವರ್ಷ ಕೋವಿ ಹಿಡಿದ ಮಾವ, ಅಂಗಳದಲ್ಲಿ ಒಂದು ಬಿದಿರ ಕೋಲು ಹಿಡಿದು ಮಕ್ಕಳ ಹಾಗೆ ಕಲಿತರು. ಬೇಲಿ ದಾಟುವ ಮೊದಲು ತೋಟೆ ತೆಗೆಯುವುದು, ವಾಹನ ಹತ್ತುವ ಮೊದಲು ತೆಗೆಯುವುದು, ಮನೆಯ ಮೆಟ್ಟಿಲು ಹತ್ತುವ ಮೊದಲೇ ತೆಗೆಯುವುದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗೆ. ಮಾವನ ಬೆರಳು ಅಭ್ಯಾಸದಿಂದ ಟ್ರಿಗರ್ ಇರಬೇಕಾದ ಜಾಗಕ್ಕೇ ಹೋಗುತ್ತಿತ್ತು. ಸುಬ್ಬಯ್ಯನವರು ಪ್ರತಿ ಸಲವೂ, "ಬೆರಳು ಲೋಕನಾಥರೇ," ಎನ್ನುತ್ತಿದ್ದರು. ಒಮ್ಮೆಯೂ ಮಾವ ಸಿಟ್ಟಾಗಲಿಲ್ಲ. ಕೊನೆಗೆ ಕೋಲನ್ನು ನನ್ನ ಕೈಗೆ ಕೊಡುವಾಗ ನಳಿಗೆಯ ತುದಿಯನ್ನು ನೆಲಕ್ಕೆ ಮಾಡಿ, "ನೋಡಿ ತೆಗೆದುಕೋ," ಎಂದರು. ಬಿದಿರ ಕೋಲನ್ನು ಮಡಚಿ ನೋಡುವುದು ಹೇಗೆ? ಆದರೂ ನಾನು ನೋಡಿದಂತೆ ಮಾಡಿಯೇ ತೆಗೆದುಕೊಂಡೆ. ನನಗೆ ನಗು ಬರಲಿಲ್ಲ.

ಈಗ ಮಾವ ಕೋವಿ ತೂಗುಹಾಕುತ್ತಿದ್ದ ಗೋಡೆಯ ಮೊಳೆ ಕಿತ್ತಿದ್ದಾರೆ. ಕೋವಿ ಬಂದರೆ ಇಡಲಿಕ್ಕೆ ಬೀಗದ ಕಪಾಟು ಮಾಡಿಸಲು ಅಳತೆ ಕೊಟ್ಟಾಗಿದೆ. ತೋಟೆಗಳಿಗೆ ಬೇರೆ ಪೆಟ್ಟಿಗೆ, ಅದಕ್ಕೆ ಬೇರೆ ಬೀಗ, ಆ ಕೀಲಿ ನನ್ನ ಹತ್ತಿರ. ನಾಸಿರಣ್ಣ ಕುಂಟುತ್ತಾ ಮಸೀದಿಯವರೆಗೆ ಹೋಗಿಬರುತ್ತಾರೆ. ಜೀಪು ಓಡಿಸಲು ಇನ್ನೂ ಒಂದು ತಿಂಗಳಂತೆ. ಪ್ರಾಪ್ತಿ ಬಾಗಿಲು ಬಡಿದ ಸದ್ದಿಗೂ ಬೆಚ್ಚುತ್ತಾಳೆ. ನಿನ್ನೆ ಮೊದಲ ಬಾರಿ ಅವಳೇ ಹೋಗಿ ಅಜ್ಜನ ಹತ್ತಿರ ಕೂತು ಪೇಪರಿನ ಪದಬಂಧ ತುಂಬಿಸಿದಳು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ನಿಮ್ಮ ರೂಮಿನವರಿಗೆಲ್ಲ ನನ್ನ ನಮಸ್ಕಾರ ಹೇಳಿ. ಹಪ್ಪಳ ಎಲ್ಲರಿಗೂ ಹಂಚಿ ತಿನ್ನಿ. ಪ್ರಾಪ್ತಿ ನಿಮ್ಮ ಕೆನ್ನೆಗೆ ಒಂದು ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿಮ್ಮ,
ಕಾಂತಿ

ಮತ್ತೆ: ಅಬ್ದುಲ್ ರಹಿಮಾನ್ ಬಂದು ಹೊರಗೆ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆ ತೋಟೆ ಮಾವ ಹಾಕಿದ್ದಲ್ಲ. ಡಿಸೆಂಬರಿನಲ್ಲಿ ನೀವು ಹೊರಟ ದಿನ ಬೆಳಿಗ್ಗೆ ಬಾಳೆಗೆ ಮಂಗ ಬಂತೆಂದು ಕೋವಿ ತೆಗೆದುಕೊಂಡು ಓಡಿದವರು ನೀವು. ಏರ್‌ಪೋರ್ಟಿನ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ನೀವು ಹೊಡೆಯದೆ ವಾಪಸ್ ಬಂದು ಹಾಗೆಯೇ ಮೊಳೆಗೆ ತೂಗುಹಾಕಿದಿರಿ. ಬೇಗ ಬನ್ನಿ ಬೇಗ ಬನ್ನಿ ಎಂದು ಕರೆದವಳು ನಾನು, ಹಾಗಾಗಿ ಅದರಲ್ಲಿ ನನ್ನ ಪಾಲೂ ಉಂಟು. ಮಾವನಿಗೆ ಇದು ಆ ಅಂಗಳದಲ್ಲೇ ಹೊಳೆದಿದೆ. ನಾನು ಕೇಳಿದ್ದಕ್ಕೆ, "ಅವನಿಗೆ ಹೇಳಬೇಡ, ಅಲ್ಲಿ ಒಬ್ಬನೇ ಕೂತು ಕೊರಗುತ್ತಾನೆ," ಎಂದರು. ನಾನು ಹೇಳುತ್ತಿದ್ದೇನೆ, ಅವರೊಬ್ಬರೇ ಕೊರಗುವುದನ್ನು ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ. ಠಾಣೆಯಲ್ಲಿ ನಿಜ ಹೇಳುವ ವಿಷಯ ನೀವು ಬಂದ ಮೇಲೆ ಮೂವರೂ ಕೂತು ತೀರ್ಮಾನಿಸುವ, ಆದರೆ ರಜೆಗೆ ಈಗಲೇ ಬರೆಯಿರಿ. ಶುಕ್ರವಾರ ನಿಮಗೆ ಕೆಲಸ ಇಲ್ಲವಲ್ಲ, ಮೊದಲು ನಾಸಿರಣ್ಣನಿಗೆ ಫೋನ್ ಮಾಡಿ. ಆಮೇಲೆ ಮಾವನಿಗೆ. ನನಗೆ ಮಾಡದಿದ್ದರೂ ಆಗುತ್ತದೆ.